ಕಾನ್ವೆಂಟ್ ಪೇಜ್‌ಗೆ ಸಿಸ್ಟರ್‌ಗಳ ಕಥೆ ಬರೀಬೇಕು, ಆದ್ರೆ ಒಬ್ರೂ ಬಾಯೇ ಬಿಡ್ತಿಲ್ಲ. ಏನ್ ಮಾಡ್ಲಿ?

ತೋಟದ_ದಾರಿ (ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೈಕೋಬೇಡಿ. ನಾನು ಚಿಕ್ಕಮಗಳೂರು ಕಡೆ ಒಂದು ಕಾನ್ವೆಂಟ್ ಸ್ಕೂಲಲ್ಲಿ ಕಂಪ್ಯೂಟರ್ ಟೀಚರ್. ಕ್ರಿಶ್ಚಿಯನ್ ಅಲ್ಲ, ನಮ್ಮೂರಿಗೆ ಹತ್ರ ಇದ್ದಿದ್ದು ಅದೊಂದೇ ಸ್ಕೂಲು, ಅಲ್ಲೇ ಓದ್ದೆ, ಡಿಗ್ರಿ ಮುಗಿಸ್ಕೊಂಡು ಅಲ್ಲೇ ಕೆಲಸಕ್ಕೆ ಸೇರ್ಕೊಂಡೆ. ಕಂಪ್ಯೂಟರ್ ಟೀಚರ್ ಅಂದ್ಮೇಲೆ ಗೊತ್ತಲ್ಲ, ಪ್ರಿಂಟರ್ ಕೆಟ್ರೂ ನಾನೇ, ಮೈಕ್ ಕೂಗಿದ್ರೂ ನಾನೇ, ಫೇಸ್‌ಬುಕ್ ಪೇಜೂ ನನ್ನ ತಲೆಗೇ.

ಹೋದ ತಿಂಗಳು ಸಿಸ್ಟರ್‌ಗಳ ಪ್ರೊವಿನ್ಶಿಯಲ್, ಅಂದ್ರೆ ಈ ಭಾಗದ ಅವ್ರ ಕಾನ್ವೆಂಟ್‌ಗಳಿಗೆಲ್ಲ ಮುಖ್ಯಸ್ಥೆ, ವಿಸಿಟ್‌ಗೆ ಬಂದಿದ್ರು. ಪೇಜ್ ತೋರ್ಸು ಅಂದ್ರು, ತೋರ್ಸ್ದೆ. ಬೆರಳಲ್ಲಿ ಹಂಗೇ ಮೇಲಕ್ಕೆ ತಳ್ಕೊಂಡ್ ಹೋದ್ರು. ದೀಪ ಹಚ್ಚೋದು, ಹೂಕುಂಡ ಕೊಡೋದು, ಶಾಲು ಹೊದ್ಸೋದು, ಕೇಕ್ ಕಟ್ ಮಾಡೋದು, ಮತ್ತೆ ಶಾಲು. ಫೋನ್ ವಾಪಸ್ ಕೊಟ್ಟು ‘ಇದು ನಮ್ಮ ಮನೆ ಪೇಜಾ ಇಲ್ಲಾ ಶಾಲಿನ ಅಂಗಡಿನಾ’ ಅಂದ್ರು. ನಗಾಡ್ಕೊಂಡೇ ಅಂದಿದ್ದು, ಆದ್ರೂ ನಂಗೆ ಮುಖ ಚಿಕ್ಕದಾಯ್ತು. ಮುಂದಿನ ವರ್ಷ ಈ ಕಾನ್ವೆಂಟ್‌ಗೆ 60 ತುಂಬುತ್ತೆ, ಅಷ್ಟ್ರೊಳಗೆ ಸಿಸ್ಟರ್‌ಗಳ ಕಥೆ ಒಂದೊಂದಾಗಿ ಪೇಜಲ್ಲಿ ಬರ್ಲಿ, ಆಮೇಲೆ ಅದನ್ನೇ ಸೇರ್ಸಿ ಪುಸ್ತಕ ಮಾಡೋಣ ಅಂತ ಹೇಳಿ ಹೋದ್ರು.

ಹೇಳಿ ಹೋದ್ರು ಸರಿ, ಕಥೆ ಎಲ್ಲಿದೆ? ಮನೇಲಿ ಏಳು ಜನ ಸಿಸ್ಟರ್ಸ್. ಮೂರು ಜನ ಮಂಗ್ಳೂರು ಕಡೆಯೋರು, ಇಬ್ರು ಕೇರಳ, ಒಬ್ರು ಜಾರ್ಖಂಡ್, ಒಬ್ರು ನಮ್ಮ ಆಲೂರು ಕಡೆ. ಎಲ್ರಿಗಿಂತ ದೊಡ್ಡೋರಿಗೆ 84. ನರ್ಸ್ ಆಗಿದ್ರು, ಹಳೇ ಕಾಲದಲ್ಲಿ ಎಸ್ಟೇಟ್ ಲೈನ್‌ಗಳಿಗೆಲ್ಲ (ತೋಟದ ಕೂಲಿಯೋರ ಸಾಲುಮನೆಗಳು) ನಡ್ಕೊಂಡೇ ಹೋಗ್ತಿದ್ರಂತೆ. ಅವ್ರನ್ನ ಪಾರ್ಲರ್‌ನಲ್ಲಿ, ಅಂದ್ರೆ ಕಾನ್ವೆಂಟ್‌ಗೆ ಬಂದೋರನ್ನ ಕೂರ್ಸೋ ರೂಮಲ್ಲಿ, ಕೂರ್ಸಿ, ಟ್ರೈಪಾಡ್ ಇಟ್ಟು, ‘ಸಿಸ್ಟರ್, ನಿಮ್ಮ ಸೇವಾ ಜೀವನದ ಬಗ್ಗೆ ಹೇಳಿ’ ಅಂದೆ. ‘ನಾನೇನು ಮಾಡಿದೀನಿ ಮಗಾ, ಎಲ್ಲಾ ದೇವ್ರು ಮಾಡ್ಸಿದ್ದು’ ಅಂದ್ರು. ಮುಗೀತು. ಇನ್ನೂ ಕೇಳಿದ್ರೆ ಅವ್ರ ಸಂಸ್ಥಾಪಕಿ ಮದರ್ ಕಥೆ ಹೇಳ್ತಾರೆ, ಅದು ಆಗ್ಲೇ ವೆಬ್‌ಸೈಟಲ್ಲಿದೆ. ಒಟ್ಟು ರೆಕಾರ್ಡಿಂಗ್ 4 ನಿಮಿಷ, ಅದ್ರಲ್ಲಿ ಒಂದು ನಿಮಿಷ ಕೆಮ್ಮು.

ಇನ್ನೊಂದು ತಲೆನೋವು. ಕಾನ್ವೆಂಟಲ್ಲಿ ಕ್ರಾನಿಕಲ್ ಅಂತ ಇಡ್ತಾರೆ, ಆ ಮನೇಲಿ ದಿನಾ ಏನಾಯ್ತು ಅಂತ ಬರ್ದಿಡೋ ದೊಡ್ಡ ಪುಸ್ತಕ. ಸುಪೀರಿಯರ್ (ಈ ಮನೆಯ ಮುಖ್ಯಸ್ಥೆ ಸಿಸ್ಟರ್) ಪರ್ಮಿಷನ್ ಕೊಟ್ಟು ಅವ್ರ ಮುಂದೇನೇ ನೋಡಕ್ಕೆ ಬಿಟ್ರು. ಮೊದಲನೇದು ತೆಗೆದ್ರೆ ಅರ್ಧ ಕೂಡಕ್ಷರದ ಇಂಗ್ಲಿಷ್, ಇನ್ನರ್ಧ ಕನ್ನಡ ಲಿಪಿ. ಖುಷಿಯಾಗಿ ಓದಕ್ಕೆ ಶುರು ಮಾಡಿದ್ರೆ ಓದಕ್ಕೇನೋ ಬರ್ತಿದೆ, ಒಂದಕ್ಷರ ಅರ್ಥ ಆಗ್ತಿಲ್ಲ! ಕೊಂಕಣಿ ಅದು, ಕನ್ನಡದಲ್ಲಿ ಬರ್ದಿರೋದು. ಇಂಗ್ಲಿಷ್ ಪುಟಗಳು ಹೆಂಗಿವೆ ಅಂದ್ರೆ, ‘ಇವತ್ತು ಮಳೆ. ಪೂಜೆ ಇರ್ಲಿಲ್ಲ. ಅಕ್ಕಿ ಮುಗೀತು.’ ಇಷ್ಟೇ. ಮಾರನೇ ದಿನ ‘ಮಳೆ’. ಅಕ್ಕಿಗೆ ಏನ್ ಮಾಡಿದ್ರು ಅಂತ ಇಲ್ಲ.

ಒಂದು ಪೀಠಿಕೆ ಬರ್ದಿದೀನಿ, ‘1988ರಲ್ಲಿ ಆರಂಭವಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಮಡಿಲಲ್ಲಿ ಸೇವೆಯ ದೀಪ ಹೊತ್ತ ಭಗಿನಿಯರು…’ ಅಂತ. (ಧರ್ಮಕ್ಷೇತ್ರ ಅಂದ್ರೆ ಒಬ್ಬ ಬಿಷಪ್ ಕೆಳಗೆ ಬರೋ ಪ್ರದೇಶ.) ನಂಗೇ ಆಕಳಿಕೆ ಬಂತು. ಈ ತರ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ, ಎಲ್ಲಿಂದ ಶುರು ಮಾಡೋದು?

ಮದುವೆ_ಕ್ಯಾಮೆರಾ (ಸಕಲೇಶಪುರ)

ಮೇಡಂ ಮೊದ್ಲು ಆ ಟ್ರೈಪಾಡ್ ಎತ್ತಿಡಿ. 14 ವರ್ಷದಿಂದ ಮದುವೆ ಶೂಟ್ ಮಾಡ್ತಿದೀನಿ, ಅಜ್ಜಿಗಳನ್ನ ಕೂರ್ಸಿ ‘ಆಶೀರ್ವಾದ ಮಾಡಿ’ ಅಂದ್ರೆ ಎಲ್ಲಾ ಅಜ್ಜಿನೂ ಒಂದೇ ಡೈಲಾಗು, ‘ನೂರ್ಕಾಲ ಚೆನ್ನಾಗಿರಿ’. ಅದೇ ಅಜ್ಜಿ ಅಡುಗೆ ಮನೇಲಿ ಕಾಯಿ ತುರೀತಾ ಕೂತಿದ್ದಾಗ ಪಕ್ಕ ಕೂತ್ಕೊಂಡು ‘ನಿಮ್ ಮದ್ವೇಲಿ ಎಷ್ಟು ಜನ ಊಟಕ್ಕಿದ್ರು’ ಅಂತ ಕೇಳಿ, ಅರ್ಧ ಗಂಟೆ ನಿಲ್ಸಲ್ಲ. ಕೈಗೆ ಕೆಲಸ ಇರ್ಬೇಕು, ಬಾಯಿ ತಾನಾಗೇ ಓಡುತ್ತೆ. ‘ಸೇವಾ ಜೀವನ’ ಅಂತೆಲ್ಲ ಕೇಳ್ಬೇಡಿ, ಸಾಮಾನು ತೋರ್ಸಿ ಕೇಳಿ. ಈ ಕೊಡೆ ಯಾವ ಕಾಲದ್ದು, ಈ ಟಾರ್ಚ್ ಯಾರು ಕೊಟ್ಟಿದ್ದು, ಹಂಗೆ.

ಸೌಂಡ್ ಬಗ್ಗೆ ಒಂದ್ ಮಾತು. ವಿಡಿಯೋ ಮಸುಕಾದ್ರೂ ಜನ ನೋಡ್ತಾರೆ, ಮಾತು ಕೇಳ್ಲಿಲ್ಲ ಅಂದ್ರೆ ಮುಂದಕ್ಕೆ ಹೋಗ್ಬಿಡ್ತಾರೆ. ಜೂನ್‌ನಿಂದ ನಮ್ ಕಡೆ ಶೀಟ್ ಮನೆ ಕೆಳಗೆ ರೆಕಾರ್ಡ್ ಮಾಡೋದು ಸುಳ್ಳು, ಮಳೆ ಬಿಟ್ರೆ ಇನ್ನೇನೂ ಬರಲ್ಲ, ಹಂಚಿನ ಮನೆ ಒಳಗಿನ ರೂಮ್ ನೋಡ್ಕೊಳಿ. ಫ್ಯಾನ್ ಆಫ್, ಫ್ರಿಜ್ ಪಕ್ಕ ಬೇಡ, ಫೋನ್ ಏರೋಪ್ಲೇನ್ ಮೋಡಲ್ಲಿ ಹಾಕಿ ಅವ್ರ ಎದೆ ಹತ್ರ ಮೇಜಿನ ಮೇಲೆ ಕರ್ಚೀಫ್ ಹಾಸಿ ಮಲಗ್ಸಿ. ನೂರೈವತ್ತು ರೂಪಾಯಿದು ಕಾಲರ್ ಮೈಕ್ ಬರುತ್ತೆ ಆದ್ರೆ ಹಾಕಿದ ತಕ್ಷಣ ದೊಡ್ಡೋರು ಭಾಷಣ ಶುರು ಮಾಡ್ತಾರೆ, ಅದಕ್ಕೆ ನಾನು ಹಾಕಲ್ಲ. ಹಳೇ ಫೋಟೋ ವಾಟ್ಸಾಪಲ್ಲಿ ತರ್ಸ್ಕೊಂಡ್ರೆ ಡಾಕ್ಯುಮೆಂಟ್ ಅಂತ ಕಳ್ಸಕ್ಕೆ ಹೇಳಿ, ಇಲ್ಲಾಂದ್ರೆ ಪುಸ್ತಕಕ್ಕೆ ಪ್ರಿಂಟ್ ಹಾಕ್ಸೋವಾಗ ಮುಖ ಎಲ್ಲ ಇಡ್ಲಿ ಆಗಿರುತ್ತೆ.

ಹಾಸನ್_ನೇರಮಾತು

ನಾನೊಂದು ಕೇಳ್ತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ. ಎಲ್ಲಾ ಬಿಟ್ಟು ಸನ್ಯಾಸ ತಗೊಂಡೋರಿಗೆ ಫೇಸ್‌ಬುಕ್ ಪೇಜ್ ಯಾಕೆ? ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಅವ್ರ ಬೈಬಲ್‌ನಲ್ಲೂ ಇದೆ, ನಮ್ಮಜ್ಜಿನೂ ಹೇಳ್ತಿದ್ರು. ಆ 84ರ ಸಿಸ್ಟರ್ ಬಾಯಿ ಬಿಡ್ಲಿಲ್ಲ ಅಂದ್ರೆ ಅವ್ರೇ ಸರಿ, ನೀವೆಲ್ಲ ಸೇರ್ಕೊಂಡು ಅವ್ರನ್ನ ರೀಲ್ಸ್ ಮಾಡಕ್ಕೆ ಹೊರಟಿದೀರ.

ಇದು ಎಲ್ಲಿಗೆ ಹೋಗುತ್ತೆ ಅಂತ ನೋಡಿದೀನಿ. ಮೊದ್ಲು ಕಥೆ, ಆಮೇಲೆ ಅಳ್ತಿರೋ ಮಗು ಫೋಟೋ, ಹಿಂದೆ ಕೊಳಲು, ಕೊನೇಲಿ ಕ್ಯೂಆರ್ ಕೋಡು. ಯಾವ ಧರ್ಮದ ಸಂಸ್ಥೆನೂ ಕಮ್ಮಿ ಇಲ್ಲ ಇದ್ರಲ್ಲಿ. ಅದೂ ಅಲ್ದೆ ಈಗಿನ ಕಾಲ ಹೆಂಗಿದೆ, 2025ರ ಜುಲೈನಲ್ಲಿ ಛತ್ತೀಸ್‌ಗಢದ ದುರ್ಗ್ ರೈಲ್ವೆ ಸ್ಟೇಷನ್‌ನಲ್ಲಿ ಮೂರು ಹುಡುಗೀರ ಜೊತೆ ಇದ್ದ ಇಬ್ರು ಕೇರಳದ ಸಿಸ್ಟರ್‌ಗಳನ್ನ ಅರೆಸ್ಟ್ ಮಾಡಿ ವಾರ ಒಳಗಿಟ್ಟಿದ್ರು. ನೀವು ಮಕ್ಕಳ ಜೊತೆ ಸಿಸ್ಟರ್ ಕೈಮುಗ್ದು ನಿಂತಿರೋ ಫೋಟೋ ಹಾಕಿ, ಅದನ್ನ ಕತ್ತರಿಸಿ ಇನ್ಯಾರೋ ಕೆಂಪು ಬಾಣ ಹಾಕಿ ಫಾರ್ವರ್ಡ್ ಮಾಡ್ತಾರೆ. ಸುಮ್ನಿರೋದೇ ವಾಸಿ.

ಹಳೇ_ಬೋರ್ಡರ್

ನೇರಮಾತು ಅವ್ರು ಹೇಳಿದ್ರಲ್ಲಿ ಅರ್ಧ ನಾನು ಒಪ್ತೀನಿ, ಯಾಕೆ ಅಂತ ನನ್ನ ಕಥೆನೇ ಹೇಳ್ತೀನಿ.

ನಾನು ಮಲೆನಾಡಿನ ಒಂದು ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಐದು ವರ್ಷ ಇದ್ದೆ, ಯಾವ್ದು ಅಂತ ಹೇಳಲ್ಲ. ಅಮ್ಮ ಎಸ್ಟೇಟ್ ಲೈನಲ್ಲಿ ಇದ್ರು, ಕಾಫಿ ಕುಯ್ಯೋ ಕೆಲಸ. ಅಪ್ಪ ಇರ್ಲಿಲ್ಲ. ಒಂದಿನ ಯಾರೋ ಫಾರಿನ್‌ನವ್ರು ಬಂದು ಫೋಟೋ ತೆಗೆದ್ರು, ನಾನು ಸ್ಟೀಲ್ ತಟ್ಟೆ ಹಿಡ್ಕೊಂಡು ನಿಂತಿದ್ದೆ ಅಷ್ಟೇ. ಡಿಗ್ರಿ ಓದ್ತಿದ್ದಾಗ ಸಿಸ್ಟರ್‌ನ ಮಾತಾಡ್ಸಕ್ಕೆ ವಾಪಸ್ ಹೋಗಿದ್ದೆ, ಪಾರ್ಲರ್ ಗೋಡೇಲಿ ಅದೇ ಫೋಟೋ ಇರೋ ಬ್ರೋಷರ್ ಫ್ರೇಮ್ ಹಾಕಿದ್ರು. ಕೆಳಗೆ ‘ಅನಾಥ ಬಾಲಕಿ’ ಅಂತಿತ್ತು. ನಮ್ಮಮ್ಮ ಅವತ್ತು ನನ್ ಜೊತೆನೇ ಬಂದಿದ್ರು, ಅಲ್ಲೇ ಬೆಂಚಲ್ಲಿ ಕೂತು ಟೀ ಕುಡೀತಿದ್ರು. ಅವ್ರಿಗೆ ಓದಕ್ಕೆ ಬರಲ್ಲ, ‘ನಿನ್ ಫೋಟೋ ಎಷ್ಟ್ ಚೆನ್ನಾಗ್ ಹಾಕವ್ರೆ ನೋಡು’ ಅಂದ್ರು. ನಾನು ಹೂಂ ಅಂದೆ.

ಸಿಸ್ಟರ್‌ಗೆ ಹೇಳ್ದೆ, ಅವ್ರು ಅತ್ತೇಬಿಟ್ರು, ಅವತ್ತೇ ತೆಗೆಸಿದ್ರು. ಬರ್ದಿದ್ದು ಅವ್ರಲ್ಲ, ಅವ್ರ ಕೈಗೆ ಬಂದಾಗ ಪ್ರಿಂಟ್ ಆಗಿತ್ತು. ನಂಗೆ ಅವ್ರ ಮೇಲೆ ಕೋಪ ಇಲ್ಲ, ನಂಗೆ ಎಬಿಸಿಡಿ ಕಲಿಸಿದ್ದೇ ಅವ್ರು. ಆದ್ರೆ ಆ ಎರಡು ಪದ ಇನ್ನೂ ಚುಚ್ಚುತ್ತೆ.

ಈಗ ನಾನು ಮಕ್ಕಳ ರಕ್ಷಣೆ ವಿಷಯದಲ್ಲೇ ಕೆಲಸ ಮಾಡೋದು, ಅದಕ್ಕೆ ಕಾನೂನೂ ಹೇಳ್ತೀನಿ ಕೇಳಿ. ಹೋಮ್‌ನಲ್ಲಿರೋ, ಆರೈಕೆ ರಕ್ಷಣೆ ಬೇಕಾಗಿರೋ ಮಗೂದು ಹೆಸರು, ಫೋಟೋ, ಸ್ಕೂಲು, ಗುರುತು ಸಿಗೋ ಯಾವ್ದೇ ವಿವರ ಮೀಡಿಯಾದಲ್ಲಿ ಹಾಕಂಗಿಲ್ಲ, 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 74. ಆರು ತಿಂಗಳವರೆಗೆ ಜೈಲು ಅಥ್ವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗ್ಬೋದು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿ ಊರ ಹೆಸರು ಬರೆದ್ರೆ ಮುಚ್ಚಿದಂಗಲ್ಲ, ಊರಲ್ಲಿ ಎಲ್ರಿಗೂ ಗೊತ್ತಾಗುತ್ತೆ. ಎಚ್‌ಐವಿ ಇರೋರ ವಿಷಯಕ್ಕೆ 2017ರದ್ದು ಬೇರೆ ಕಾಯ್ದೆನೇ ಇದೆ. ಮಾಮೂಲಿ ಸ್ಕೂಲ್ ಮಕ್ಕಳಿಗೂ ಅಪ್ಪ ಅಮ್ಮನ ಒಪ್ಪಿಗೆ ತಗೊಳಿ, ಅಡ್ಮಿಷನ್ ಫಾರ್ಮ್ ಹಿಂದೆ ಸಣ್ಣಕ್ಷರದಲ್ಲಿ ಹಾಕಿಸ್ಕೊಂಡಿದ್ದು ಒಪ್ಪಿಗೆ ಅಲ್ಲ, ಅವ್ರಿಗೆ ಗೊತ್ತಿರೋ ಭಾಷೇಲಿ ಓದಿ ಹೇಳ್ಬೇಕು.

ಟೀಚರ್, ನಿಮ್ಗೆ ಒಂದೇ ಅಳತೆ ಹೇಳ್ತೀನಿ. ನೀವು ಬರ್ದಿದ್ದನ್ನ ಆ ಮಗು ಇಪ್ಪತ್ತು ವರ್ಷ ಬಿಟ್ಟು ಪಾರ್ಲರ್‌ಗೆ ಬಂದು ಓದುತ್ತೆ ಅಂದ್ಕೊಂಡು ಬರೀರಿ.

ಒಬ್ಬ_ಸಿಸ್ಟರ್ (ಹಾಸನ ಜಿಲ್ಲೆ)

ಬೋರ್ಡರ್ ಅವರೇ, ನಿಮ್ಮದು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕೆ ಆಗ್ಲಿಲ್ಲ. ಇಂಥ ಬ್ರೋಷರ್‌ಗಳು ನಮ್ಮ ಕಪಾಟಿನಲ್ಲೂ ಇವೆ. ನಾನು ನಮ್ಮ ಪ್ರಾವಿನ್ಸ್‌ಗೆ ಕಮ್ಯುನಿಕೇಷನ್ ನೋಡ್ಕೊಳ್ತೀನಿ, ಅಂದ್ರೆ ನ್ಯೂಸ್‌ಲೆಟರ್, ಪೇಜು, ತೀರಿಕೊಂಡ ಸಿಸ್ಟರ್‌ಗಳ ಬಗ್ಗೆ ಬರೆಯೋದು, ಎಲ್ಲಾ. ಟೀಚರ್‌ಗೆ ಉಪಯೋಗ ಆಗೋದನ್ನ ಹೇಳ್ತೀನಿ.

ಮೊದಲು ತಾರೀಖು ಸರಿ ಮಾಡ್ಕೊಳಿ. ಚಿಕ್ಕಮಗಳೂರು ಧರ್ಮಕ್ಷೇತ್ರ ಆಗಿದ್ದು 1963ರಲ್ಲಿ, ಮೈಸೂರಿನಿಂದ ಬೇರೆಯಾಗಿ. 1988 ಅಂದ್ರೆ ಶಿವಮೊಗ್ಗ ನಮ್ಮಿಂದ ಬೇರೆ ಆದ ವರ್ಷ. ಈಗ ನಮ್ಮಲ್ಲಿ ಉಳಿದಿರೋದು ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆ. 63ಕ್ಕಿಂತ ಹಿಂದಿನ ಕಾಗದ ಹುಡುಕೋದಾದ್ರೆ ಮೈಸೂರು ಕಡೆ ಕೇಳ್ಬೇಕು, ಅದಕ್ಕೂ ಹಿಂದಿನದು ಪ್ಯಾರಿಸ್ ಮಿಷನ್‌ನ ಫ್ರೆಂಚ್ ಗುರುಗಳ (ಪಾದ್ರಿಗಳ) ಕಾಲದ್ದು. ಆದ್ರೆ ಆ ಕಾಗದಗಳಲ್ಲಿ ಸಿಸ್ಟರ್‌ಗಳು ಬರೋದು ಕಮ್ಮಿ. ಬಂದ್ರೂ ‘ಸಿಸ್ಟರ್ಸ್ ಬಂದರು, ಶಾಲೆ ತೆರೆಯಿತು’ ಅಂತ ಒಂದು ಸಾಲು. ನಿಮಗೆ ಬೇಕಾದ್ದು ಸಿಗೋದು ನಿಮ್ಮ ಸಿಸ್ಟರ್‌ಗಳ ಮದರ್‌ಹೌಸ್‌ನಲ್ಲಿ, ಅಂದ್ರೆ ಅವರ ಮೂಲ ಕಾನ್ವೆಂಟ್‌ನಲ್ಲಿ, ಮತ್ತೆ ಆ ಕ್ರಾನಿಕಲ್‌ನಲ್ಲಿ.

ನೇರಮಾತು ಅಣ್ಣ, ಬೈಬಲ್‌ನಲ್ಲಿ ಮತ್ತಾಯ 6ನೇ ಅಧ್ಯಾಯದಲ್ಲಿ ಎಡಗೈ ಬಲಗೈ ಹೇಳಿದ ಯೇಸುವೇ ಒಂದು ಅಧ್ಯಾಯ ಹಿಂದೆ, ದೀಪ ಹಚ್ಚಿ ಕೊಳಗದ ಕೆಳಗೆ ಇಡಬೇಡಿ ಅಂತಾನೂ ಹೇಳಿದ್ದಾರೆ. ನಮ್ಮ ನೊವಿಷಿಯೇಟ್‌ನಲ್ಲಿ (ಸಿಸ್ಟರ್ ಆಗೋ ಮುಂಚಿನ ತರಬೇತಿ) 6 ಮಾತ್ರ ಕಲಿಸಿದ್ರು ಅನ್ಸುತ್ತೆ! ತಮಾಷೆಗಲ್ಲ, ನಮ್ಮ ತರಬೇತಿನೇ ಹಂಗಿತ್ತು, ‘ನಾನು’ ಅನ್ನೋ ಪದ ಬಂದ್ರೆ ತಿದ್ದೋರು. 84ರ ಸಿಸ್ಟರ್ ಆ ಕಾಲದವರು. ಅವರು ಮುಚ್ಚಿಡ್ತಿಲ್ಲ, ಆ ವ್ಯಾಕರಣವೇ ಅವರಿಗೆ ಬರಲ್ಲ.

ಅದಕ್ಕೆ ದಾರಿ ಇದೆ. ಅವರ ಬಗ್ಗೆ ಕೇಳಬೇಡಿ, ಅವರ ಜೊತೆಗಿದ್ದು ತೀರಿಕೊಂಡ ಸಿಸ್ಟರ್ ಬಗ್ಗೆ ಕೇಳಿ. ಆಗ ರಾತ್ರಿ ಪೂರಾ ಹೇಳ್ತಾರೆ. ಹಿಂದೆ ಹೊರಗೆ ಹೋದ್ರೆ ಇಬ್ಬಿಬ್ಬರೇ ಹೋಗಬೇಕಿತ್ತು, ಅದಕ್ಕೆ ಇನ್ನೊಬ್ಬರ ಕಥೆ ಹೇಳಿದ್ರೆ ಇವರದ್ದೂ ಅದರೊಳಗೇ ಬರುತ್ತೆ. ಹೊತ್ತು ಕೂಡ ನೋಡ್ಕೊಳಿ. ಬೆಳಿಗ್ಗೆ ಪೂಜೆ ಮುಗಿಸಿ ಓಡೋ ಹೊತ್ತಲ್ಲಿ ಬೇಡ. ರಾತ್ರಿ ಊಟ ಆದ್ಮೇಲೆ ರಿಕ್ರಿಯೇಷನ್ ಅಂತ ಒಟ್ಟಿಗೆ ಕೂರ್ತೀವಿ, ಬಟಾಣಿ ಸುಲಿಯೋದೋ, ಹೆಣಿಗೆಯೋ ಏನಾದ್ರೂ ಇರುತ್ತೆ. ಸುಪೀರಿಯರ್ ಹತ್ರ ಕೇಳಿ ಒಂದು ದಿನ ಅಲ್ಲಿ ಕೂತ್ಕೊಳಿ. ಅವರು ಎಲ್ಲರ ಮುಂದೆ ‘ಸಿಸ್ಟರ್, ಇವಳಿಗೆ ಹೇಳಿ’ ಅಂದ್ರೆ ಸಾಕು, ಅದು ವಿಧೇಯತೆ ಆಗುತ್ತೆ, ಜಂಬ ಆಗಲ್ಲ.

ಇದು ಫೇಸ್‌ಬುಕ್ ಬಂದ್ಮೇಲೆ ಹುಟ್ಟಿದ ಚಾಳಿ ಅಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಸಭೆ) ಎಲ್ಲಾ ಧಾರ್ಮಿಕ ಸಭೆಗಳಿಗೂ, ಅಂದ್ರೆ ನಮ್ಮಂಥ ಸಿಸ್ಟರ್‌ಗಳ, ಬ್ರದರ್‌ಗಳ ಸಂಘಗಳಿಗೂ, ನಿಮ್ಮ ಮೂಲಕ್ಕೆ ಹೋಗಿ, ಶುರು ಮಾಡಿದವರ ಮನಸ್ಸಲ್ಲಿ ಏನಿತ್ತು ನೋಡ್ಕೊಂಡು ಬನ್ನಿ ಅಂತ ಹೇಳ್ತು. ಆಗಲೇ ಬಹಳ ಸಭೆಗಳು ಹಳೇ ಪೆಟ್ಟಿಗೆ ತೆಗೆದಿದ್ದು. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಹಡಗಲ್ಲಿ ಮಂಗಳೂರಿಗೆ ಬಂದಿದ್ದು, ಬೆಥನಿ ಸಭೆ 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ನಾಲ್ಕೇ ಜನ ಹೆಣ್ಮಕ್ಕಳಿಂದ ಶುರುವಾಗಿದ್ದು, ಇವೆಲ್ಲ ಇವತ್ತು ನಮಗೆ ಗೊತ್ತಿರೋದು ಯಾರೋ ಪತ್ರ ಎತ್ತಿಟ್ಟಿದ್ರು ಅಂತ. ಸೇಂಟ್ ಪಾಲ್ ಪುತ್ರಿಯರು ಅಂತ ಒಂದು ಸಭೆ ಇದೆ, 1915ರಲ್ಲಿ ಇಟಲಿಯ ಆಲ್ಬಾದಲ್ಲಿ ಶುರುವಾಗಿದ್ದು, ಅವರ ಸೇವೆನೇ ಅಚ್ಚು ಕೂಟ, ಪುಸ್ತಕ, ಮಾಧ್ಯಮ. ಸಿಸ್ಟರ್‌ಗಳೇ ಅಚ್ಚುಮೊಳೆ ಜೋಡಿಸ್ತಿದ್ರು. ಪೋಪ್ ಫ್ರಾನ್ಸಿಸ್ 2020ರ ಸಂಪರ್ಕ ಮಾಧ್ಯಮ ದಿನದ ಸಂದೇಶ ಪೂರ್ತಿ ಕಥೆ ಹೇಳೋದರ ಬಗ್ಗೆನೇ ಬರೆದ್ರು, ನಿನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುವಂತೆ ಅನ್ನೋ ವಿಮೋಚನಾಕಾಂಡದ ಮಾತು ಇಟ್ಕೊಂಡು. ಮನುಷ್ಯನಿಗೆ ಮೈಗೆ ಬಟ್ಟೆ ಬೇಕಾದ ಹಾಗೆ ಕಥೆಯೂ ಬೇಕು ಅಂತಾರೆ ಅದ್ರಲ್ಲಿ, ನೇಯ್ಗೆಯ ಮಾತು. ಮನೆಯವರಿಗೆ ಒಪ್ಪಿಸೋಕೆ ಬೇಕಾದ್ರೆ ಅದನ್ನ ಓದಿ ಹೇಳಿ.

ಕ್ಯೂಆರ್ ಕೋಡ್ ಹಾಕಲೇಬೇಡಿ. ಹೊರದೇಶದ ದುಡ್ಡು ಬರಬೇಕಾದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, 2020ರ ತಿದ್ದುಪಡಿ ಆದ್ಮೇಲೆ ಅದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಯಾರೋ ದುಬೈನಿಂದ ಪ್ರೀತಿಗೆ ಸಾವಿರ ರೂಪಾಯಿ ಹಾಕಿದ್ರೆ ಆಡಿಟರ್ ನಮ್ಮ ಜೀವ ತಿಂತಾರೆ. ಕಥೆ ಬೇರೆ, ಡಬ್ಬ ಬೇರೆ.

ಇನ್ನೊಂದು. ಒಳ್ಳೇದನ್ನೇ ಬರೀಬೇಡಿ. ಮುಚ್ಚಿಹೋದ ಡಿಸ್ಪೆನ್ಸರಿ, ತರಬೇತಿ ಮಧ್ಯೆ ಬಿಟ್ಟುಹೋದ ನೊವಿಸ್, ಬೋರ್ಡರ್ ಅವರ ಫೋಟೋ, ಇವೂ ನಮ್ಮ ಕಥೆಯೇ. ಅದನ್ನ ಹಾಕೋ ಧೈರ್ಯ ನಮ್ಮ ಪೇಜ್‌ಗೆ ಇನ್ನೂ ಬಂದಿಲ್ಲ ಅಂತ ಒಪ್ಕೊಳ್ತೀನಿ.

ಹಾಸನ್_ನೇರಮಾತು

ಸಿಸ್ಟರ್, ನಮಸ್ಕಾರ. ಕೊಳಗದ ಮಾತು ಒಪ್ದೆ. ಡಬ್ಬ ಬೇರೆ ಅಂದ್ರಲ್ಲ, ಅದಕ್ಕೆ ಇನ್ನೂ ಜಾಸ್ತಿ ಒಪ್ದೆ. ಮಕ್ಕಳ ಫೋಟೋ ವಿಷಯದಲ್ಲಿ ನಾನು ಹೇಳಿದ್ದು ಹಂಗೇ ಇರ್ಲಿ.

ಸಂತೆಪೇಟೆ_ಸುದ್ದಿ (ಹಾಸನ)

ನಾನು ಇಪ್ಪತ್ತು ವರ್ಷದಿಂದ ಬಿಡಿ ಸುದ್ದಿ ಬರ್ಕೊಂಡು ಜೀವನ ಮಾಡ್ತಿರೋನು, ಕಾನ್ವೆಂಟ್ ಪ್ರೆಸ್ ನೋಟ್ ನೂರಾರು ನೋಡಿದೀನಿ. ಮೊದ್ಲ ಎಂಟು ಸಾಲು ವೇದಿಕೆ ಮೇಲಿದ್ದೋರ ಹೆಸ್ರು, ಆಮೇಲೆ ‘ಕಾರ್ಯಕ್ರಮ ಅರ್ಥಪೂರ್ಣವಾಗಿ ಜರುಗಿತು’. ನಾವು ಅದನ್ನ ಕೊನೆ ಪುಟದಲ್ಲಿ ಮೂರು ಸಾಲಿಗೆ ಇಳಿಸ್ತೀವಿ, ಆಮೇಲೆ ಅವ್ರು ಬೇಜಾರ್ ಮಾಡ್ಕೊತಾರೆ. ನಮ್ಗೆ ಬೇಕಾಗಿರೋದು ಹೆಸ್ರಲ್ಲ ಸ್ವಾಮಿ, ಅಕ್ಕಿ ಮುಗಿದ ಮಾರನೇ ದಿನ ಏನಾಯ್ತು ಅನ್ನೋದು.

ಭಾಷೆ ಬಗ್ಗೆ ಹೇಳ್ಲೇಬೇಕು. ಚರ್ಚ್ ಕನ್ನಡ ಒಂದು ಬೇರೇನೇ ಕನ್ನಡ. ದೈವಕರೆ, ವರದಾನ, ಪ್ರೇಷಿತ ಕಾರ್ಯ, ಧರ್ಮಭಗಿನಿ. ನಿಮ್ಮೊಳಗೆ ಚೆಂದ, ಪೂಜೆ ಪುಸ್ತಕದಲ್ಲಿ ಚೆಂದ, ಆದ್ರೆ ಹೊರಗಿನೋರಿಗೆ ‘ಈ ಸಿಸ್ಟರ್ 20 ವರ್ಷ ಇದ್ದಾಗ ಮನೆ ಬಿಟ್ಟು ಬಂದ್ರು’ ಅಂತ ಬರೀರಿ ಸಾಕು. ಸಿಸ್ಟರ್ ಅಂದ್ರೆ ಸಂತೇಲಿ ಸೊಪ್ಪು ಮಾರೋಳಿಗೂ ಗೊತ್ತು, ಕನ್ಯಾಸ್ತ್ರೀ ಅಂದ್ರೆ ಯಾರದ್ದೋ ವಿಷಯ ಅನ್ಕೊತಾಳೆ. ಹಳೇ ಸ್ಮರಣ ಸಂಚಿಕೆ ಫೈಲ್‌ಗಳು ಸಿಕ್ರೆ ಅವು ‘ನುಡಿ’ ಇಲ್ಲಾ ‘ಬರಹ’ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಇರುತ್ವೆ, ಹಂಗೇ ಕಾಪಿ ಮಾಡಿದ್ರೆ ಚಿತ್ರಾನ್ನ ಆಗುತ್ತೆ, ಯುನಿಕೋಡ್‌ಗೆ ಕನ್ವರ್ಟ್ ಮಾಡಿ ಒತ್ತಕ್ಷರ, ಅರ್ಕಾವತ್ತು ಒಂದೊಂದೂ ಕಣ್ಣಾರೆ ನೋಡಿ.

ಒಂದು ಹೊಟ್ಟೆಕಿಚ್ಚಿನ ಮಾತು. ಗೊರೂರು ಹತ್ರ ಶೆಟ್ಟಿಹಳ್ಳಿ ಚರ್ಚ್ ಗೊತ್ತಲ್ಲ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಹೇಮಾವತಿ ಡ್ಯಾಮ್ ಹಿನ್ನೀರಲ್ಲಿ ಮಳೆಗಾಲ ಮುಳುಗುತ್ತೆ ಬೇಸಿಗೇಲಿ ಏಳುತ್ತೆ. ಅದ್ರ ಮೇಲೆ ಡ್ರೋನ್ ಹಾರದ ಭಾನುವಾರ ಇಲ್ಲ. ಖಾಲಿ ಗೋಡೆಗೆ ಅಷ್ಟು ರೀಲ್ಸು, ಅದೇ ಜಿಲ್ಲೇಲಿ ಐವತ್ತು ವರ್ಷ ಹೆರಿಗೆ ಮಾಡಿಸಿರೋ ಕೈ ಇನ್ನೂ ಬೆಚ್ಚಗಿದೆ, ಅದನ್ನ ಕೇಳೋರಿಲ್ಲ. ನಾನೂ ಕೇಳಿಲ್ಲ ಬಿಡಿ, ನಾನೂ ಶೆಟ್ಟಿಹಳ್ಳಿ ಬಗ್ಗೆನೇ ನಾಲ್ಕು ಸಲ ಬರ್ದಿದೀನಿ.

ತೋಟದ_ದಾರಿ (ಚಿಕ್ಕಮಗಳೂರು)

ಮೂರು ವಾರ ಆಯ್ತು, ಅಪ್‌ಡೇಟ್ ಕೊಡ್ತಿದೀನಿ. ಪೀಠಿಕೆ ಡಿಲೀಟ್ ಮಾಡ್ದೆ, 1988 ಸಮೇತ.

ಸುಪೀರಿಯರ್ ಪರ್ಮಿಷನ್ ಕೊಟ್ರು, ಒಂದು ರಾತ್ರಿ ರಿಕ್ರಿಯೇಷನ್‌ಗೆ ಕೂತೆ. ಅವತ್ತು ಅವರೆಕಾಯಿ ಸುಲೀತಿದ್ರು, ನಂಗೂ ಒಂದು ಮೊರ ಕೊಟ್ರು. ದೊಡ್ಡ ಸಿಸ್ಟರ್‌ಗೆ ನಾನು ಕೇಳಿದ್ದು ಇಷ್ಟೇ, ‘ನಿಮ್ ಜೊತೆ ಲೈನ್‌ಗೆ ಬರ್ತಿದ್ದ ಸಿಸ್ಟರ್ ಹೆಂಗಿದ್ರು?’ ಕೈ ನಿಂತ್ಹೋಯ್ತು. ಆಮೇಲೆ ನಗಕ್ಕೆ ಶುರು ಮಾಡಿದ್ರು. ‘ಅವಳಾ? ಮಹಾ ಹೆದ್ರುಪುಕ್ಲಿ! ಲಾಟೀನು ಹಿಡ್ಕೊಂಡು ಯಾವಾಗ್ಲೂ ಮುಂದೆ ಹೋಗೋಳು. ನೋಡಿದೋರೆಲ್ಲ ಎಷ್ಟು ಧೈರ್ಯ ಅನ್ಕೊಳ್ಳೋರು. ಹಿಂದೆ ನಡೆಯಕ್ಕೆ ಭಯ ಮಗಾ ಅವಳಿಗೆ, ಹಿಂದಿಂದ ಏನೋ ಹಿಡ್ಕೊಳ್ಳುತ್ತೆ ಅಂತ.’ ಎಲ್ರೂ ನಕ್ರು, ಜಾರ್ಖಂಡ್ ಸಿಸ್ಟರ್‌ಗೆ ಇನ್ನೊಬ್ರು ಹಿಂದೀಲಿ ಹೇಳಿ ಅವ್ರೂ ನಕ್ರು. ಅಲ್ಲಿಂದ ಒಂದೂವರೆ ಗಂಟೆ. ಜಿಗಣೆಗೆ ಹೊಗೆಸೊಪ್ಪು ಸುಣ್ಣ ಬಟ್ಟೇಲಿ ಕಟ್ಟಿ ಕೋಲಿನ ತುದಿಗೆ ಸಿಗ್ಸ್ಕೊಂಡು ಹೋಗ್ತಿದ್ದಿದ್ದು, ಹಳ್ಳ ತುಂಬಿದ್ರೆ ಬಿಳೀ ಹ್ಯಾಬಿಟ್ (ಸಿಸ್ಟರ್‌ಗಳ ನಿಲುವಂಗಿ) ಮೊಣಕಾಲಿಗೆ ಎತ್ತಿ ಕಟ್ಟಿ ದಾಟ್ತಿದ್ದಿದ್ದು, ವಾಪಸ್ ಬರೋ ಅಷ್ಟ್ರಲ್ಲಿ ಬೆಳಗಿನ ಪೂಜೆ ಗಂಟೆ. ಅಕ್ಕಿ ವಿಷಯನೂ ಕೇಳ್ದೆ. ‘ಅಕ್ಕಿ ಮುಗೀತು ಅಂತ ಬರ್ದಿದಾಳಾ? ಅವತ್ತು ಹಲಸಿನಕಾಯಿ ಬೇಯಿಸಿದ್ವಿ, ನಾಲ್ಕು ದಿನ ಅದೇ’ ಅಂದ್ರು.

ಮಧ್ಯದಲ್ಲಿ ಎದ್ದು ರೂಮಿಗೆ ಹೋಗಿ ಒಂದು ಬಟ್ಟೆ ಬೈಂಡಿಂಗ್ ರಿಜಿಸ್ಟರ್ ತಂದ್ರು. ಹೆರಿಗೆ ಲೆಕ್ಕ, ಪೆನ್ಸಿಲ್‌ನಲ್ಲಿ. ತಾರೀಖು, ಲೈನ್ ನಂಬರ್, ತಾಯಿ ಹೆಸರು, ಗಂಡು ಹೆಣ್ಣು, ಕೊನೇ ಕಾಲಂ ‘ಕೊಟ್ಟಿದ್ದು’. ನಾನು ಆ ಕಾಲಂ ಒಂದನ್ನೇ ಪೋಸ್ಟ್ ಮಾಡ್ದೆ. ಬೋರ್ಡರ್ ಅಕ್ಕ ಹೇಳಿದ್ದು ತಲೇಲಿತ್ತು, ಉಳಿದಿದ್ದರ ಮೇಲೆ ರಟ್ಟು ಇಟ್ಟು ಫೋಟೋ ತೆಗೆದೆ, ಹೆಸರಿಲ್ಲ, ಲೈನ್ ಇಲ್ಲ, ತಾರೀಖಿಲ್ಲ. ಸಿಸ್ಟರ್ ಹೆಸರೂ ಹಾಕ್ಬೇಡ ಅಂದ್ರು, ಹಾಕ್ಲಿಲ್ಲ. ಪೋಸ್ಟ್ ಇದು:

‘ಎರಡು ಸೇರು ಅಕ್ಕಿ. ಏನೂ ಇಲ್ಲ. ಏನೂ ಇಲ್ಲ. ಬಾಳೆಗೊನೆ. ಏನೂ ಇಲ್ಲ. ಒಂದು ರೂಪಾಯಿ. ಕೋಳಿ, ವಾಪಸ್ ಕೊಟ್ಟೆ. ಏನೂ ಇಲ್ಲ. ಜೇನು, ಅರ್ಧ ಬಾಟ್ಲಿ. ನಮ್ಮ ಮನೆಯ ಒಬ್ಬ ಸಿಸ್ಟರ್ ರಾತ್ರಿ ಹೊತ್ತು ತೋಟದ ಲೈನ್‌ಗಳಿಗೆ ಹೋಗಿ ಹೆರಿಗೆ ಮಾಡಿಸ್ತಿದ್ದ ಕಾಲದ ಲೆಕ್ಕ. ಮುಂದೆ ಲಾಟೀನು ಹಿಡಿದು ಹೋಗ್ತಿದ್ದ ಸಿಸ್ಟರ್‌ಗೆ ಕತ್ತಲೆ ಅಂದ್ರೆ ಭಯ.’

ಲೈಕ್ ಕೇಳ್ಬೇಡಿ, 41. ಅದೇ ವಾರ ಹಾಕಿದ್ದ ಶಾಲಿನ ಫೋಟೋಗೆ 300 ಚಿಲ್ರೆ. ಆದ್ರೆ ಒಬ್ರು ಆಫೀಸ್ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದ್ರು, ಲೈನಲ್ಲೇ ಹುಟ್ಟಿದ್ದು ನಾನು, ಆಧಾರಲ್ಲಿ ಜನವರಿ 1 ಅಂತ ಹಾಕ್ಬಿಟ್ಟಿದಾರೆ, ನನ್ ಹುಟ್ಟಿದ ದಿನ ಆ ಪುಸ್ತಕದಲ್ಲಿ ಇರುತ್ತಾ ನೋಡ್ತೀರಾ ಅಂತ. ಅಮ್ಮನ ಹೆಸರು ಹೇಳಿದ್ರು. ದೊಡ್ಡ ಸಿಸ್ಟರ್ ಭೂತಗನ್ನಡಿ ಹಿಡ್ಕೊಂಡು ಎರಡು ಮಧ್ಯಾಹ್ನ ಹುಡುಕಿದ್ರು, ಅದೇ ಹೆಸರಿನೋರು ಮೂರು ಜನ ಇದಾರೆ, ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಅವ್ರನ್ನೇ ಒಂದ್ಸಲ ಬರಕ್ಕೆ ಹೇಳಿದೀವಿ.

ಪೋಸ್ಟ್ ಓದಿ ತೋರ್ಸಿದ್ದಕ್ಕೆ ದೊಡ್ಡ ಸಿಸ್ಟರ್ ಒಂದೇ ತಪ್ಪು ಹಿಡಿದ್ರು. ‘ಬಾಳೆಗೊನೆ ಅಂತ ಸುಮ್ನೆ ಹಾಕಿದೀಯ. ಪುಟ್ಟಬಾಳೆ ಅದು. ಅವ್ರ ಹಿತ್ತಲಲ್ಲಿ ಇದ್ದಿದ್ದೇ ಒಂದು ಗೊನೆ.’ ಎಡಿಟ್ ಮಾಡಿದೀನಿ.

ಈಗ ಉಳಿದಿರೋದು ಕೊಂಕಣಿ ಪುಟಗಳು. ಮಂಗ್ಳೂರು ಸಿಸ್ಟರ್‌ಗಳಿಗೆ ಭಾಷೆ ಬರುತ್ತೆ ಆದ್ರೆ ಆ ಕೈಬರಹ ಓದಕ್ಕಾಗ್ತಿಲ್ಲ. ಹಳೇ ಕೊಂಕಣಿ ಕೈಬರಹ ಓದೋರು ಇಲ್ಲಿ ಯಾರಾದ್ರೂ ಇದೀರಾ?

ಮದುವೆ_ಕ್ಯಾಮೆರಾ (ಸಕಲೇಶಪುರ)

ನಮ್ ಸ್ಟುಡಿಯೋ ಪಕ್ಕದ್ಮನೆ ಬಾಯಮ್ಮ ಓದ್ತಾರೆ, ಅವ್ರ ಅಪ್ಪ ಬರೀತಿದ್ದ ಕಾಗದ ಎಲ್ಲ ಹಂಗೇ ಇರ್ತಿದ್ವಂತೆ. ಫೋಟೋ ಹೊಡ್ದು ಕಳ್ಸಿ ಮೇಡಂ.

ಒಬ್ಬ_ಸಿಸ್ಟರ್ (ಹಾಸನ ಜಿಲ್ಲೆ)

ಟೀಚರ್, ಫೋಟೋ ಕಳಿಸಬೇಡಿ. ಕ್ರಾನಿಕಲ್ ಮನೆ ಬಿಟ್ಟು ಹೊರಗೆ ಹೋಗಬಾರದು, ಅದ್ರಲ್ಲಿ ಇದ್ದವರ, ಬಿಟ್ಟುಹೋದವರ ಸಂಗತಿ ಎಲ್ಲಾ ಇರುತ್ತೆ. ಸುಪೀರಿಯರ್‌ಗೆ ಕೇಳಿ ಆ ಅಮ್ಮನನ್ನೇ ಕಾನ್ವೆಂಟ್‌ಗೆ ಕರೆಸ್ಕೊಳಿ, ಊಟ ಹಾಕಿ.

ಮದುವೆ_ಕ್ಯಾಮೆರಾ (ಸಕಲೇಶಪುರ)

ಕೇಳ್ದೆ, ಬರ್ತಾರಂತೆ. ಕನ್ನಡಕದ ಕಡ್ಡಿ ಮುರ್ದು ರಿಪೇರಿಗೆ ಕೊಟ್ಟಿದಾರೆ, ಸೋಮವಾರ ಸಿಗುತ್ತೆ, ಮಂಗಳವಾರ ನಾನೇ ಕರ್ಕೊಂಡ್ ಬರ್ತೀನಿ. ಮೀನು ಇದ್ರೆ ಒಳ್ಳೇದು ಅಂದ್ರು.